ಸನ್ನೆಗೋಲು

ಗೂಲ್ ಎಂಬ ಬಂದರಿನೂರು, ನವೆಂಬರಿನ ಗುರುವಾರ,
ಹಳೆಯ ಮೆಥಡಿಸ್ಟ್ ಸಭಾಂಗಣ.
ಹೊರಗೆ ಎರಡು ನೀರಿನ ಗೋಪುರ,
ಊರಿನವರ ಬಾಯಲ್ಲಿ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ.
ಒಳಗೆ ಹದಿನೇಳು ಜನ, ಒಂದು ನಾಯಿ.
ಬಾಗಿಲಲ್ಲಿ ಮೂರು ಮೂರು ಪೌಂಡು ಎಣಿಸಿಕೊಂಡವನೂ ನಾನೇ,
ಧ್ವನಿಯ ಮೇಜಿನ ಹಿಂದೆ ಕೂತವನೂ ನಾನೇ.

ಹಿಲರಿ ಆಕ್ಸ್‌ಟಬಿ ವೇದಿಕೆಗೆ ಬಂದದ್ದು
ಹಿಟ್ಟಿನ ಗಿರಣಿಗೆ ಬಂದ ಹಾಗೆ:
ಕೈಯಲ್ಲಿ ಚೀಲ, ಅವಸರವಿಲ್ಲ.
ವಯಸ್ಸು ಅರವತ್ತೊಂಬತ್ತು.
ಲ್ಯಾಪ್‌ಟಾಪು ಮೇಜಿನಡಿ ಬೆಕ್ಕಿನಂತೆ ಮಲಗಿದೆ,
ಮೇಲೆ ಎಂಟು ಸನ್ನೆಗೋಲು.
ಮುಚ್ಚಿದ ಸಿಗ್ನಲ್ ಕ್ಯಾಬಿನ್ನಿನಿಂದ ತೂಕಕ್ಕೆ ಕೊಂಡು
ಮೊಳದುದ್ದಕ್ಕೆ ಕತ್ತರಿಸಿ
ಬುಡಕ್ಕೆ ಅಯಸ್ಕಾಂತ ಕೂರಿಸಿ ತಂತಿ ಎಳೆದವು.
ಮೂರು ಕೆಂಪು, ಎರಡು ಕಪ್ಪು, ಹಳದಿ, ನೀಲಿ,
ತುದಿಗೊಂದು ಬಿಳಿ.

ಬರಿಗೈಲಿ ಮುಟ್ಟಬೇಡ, ಅಂದಿದ್ದಳು ಸಂಜೆ,
ಬೆವರು ತಾಗಿದರೆ ಕಬ್ಬಿಣ ಸಿಟ್ಟಾಗುತ್ತೆ.
ಮಡಿಸಿದ ಚೌಕಳಿ ಬಟ್ಟೆಯಲ್ಲೇ ಹಿಡಿಯುತ್ತಾಳೆ,
ಒಲೆಯಿಂದ ಪಾತ್ರೆ ಇಳಿಸುವವಳ ಹಾಗೆ.
ಸರಿ, ಇಲ್ಲೂ ಮಡಿ, ಅಂದುಕೊಂಡೆ.

ಕಪ್ಪು ಎಳೆದಳು.
ನೆಲದಡಿಯಿಂದೊಂದು ಷಡ್ಜ ಎದ್ದಿತು,
ನಾಯಿ ಕಿವಿ ನಿಮಿರಿಸಿತು.
ನೀಲಿ ಎಳೆದಳು,
ಷಡ್ಜಕ್ಕೆ ಬೀಗ ಬಿತ್ತು,
ಇನ್ನು ಕಪ್ಪನ್ನು ಯಾರು ಎಳೆದರೂ ಅಲುಗದು.
ಕೆಂಪಿನ ಸರದಿ ಆಮೇಲೆ.
ಹಳಿ ಕೂಡದೆ ಕೈಮರ ದಾರಿ ಬಿಡದು:
ಆ ಕಟ್ಟಳೆಯನ್ನೇ ಬಿಚ್ಚಿ ತಂದು
ಸದ್ದಿಗೆ ಹೊಲಿದಿದ್ದಾಳೆ.
ಈ ಸ್ವರ ಇರುವಾಗ ಆ ಸ್ವರ ಏಳುವಂತಿಲ್ಲ,
ಎದ್ದರೆ ಎಲ್ಲೋ ಕತ್ತಲಲ್ಲಿ
ಎರಡು ಗಾಡಿ ಮುಖಾಮುಖಿ.
ರಾಗಕ್ಕೆ ವರ್ಜ್ಯವೇಕೆಂದು ಕೇಳಿದಾಗ
ನನ್ನ ಪಿಟೀಲು ಮೇಷ್ಟ್ರು ಬಿಲ್ಲು ತೋರಿಸಿ ಗದರಿದ್ದರು.
ಕಾರಣ ಸಿಕ್ಕಿದ್ದು ಇಲ್ಲಿ, ಮೂರು ಪೌಂಡಿಗೆ.

ನಡುವೆ ಎರಡನೇ ಕೆಂಪು ಸಿಕ್ಕಿಕೊಂಡಿತು.
ಕ್ಷಮೆ ಕೇಳಲಿಲ್ಲ, ನಗಲೂ ಇಲ್ಲ,
ಮೇಜಿನ ಕಾಲಿಗೆ ಪಾದ ಒತ್ತಿ
ಇಡೀ ಬೆನ್ನಿನಿಂದ ಎಳೆದಳು.
ಆ ಕಿರುಗುಟ್ಟಿದ್ದೂ ಸ್ಪೀಕರಿನಲ್ಲಿ ಸುತ್ತತೊಡಗಿತು,
ಸುತ್ತಿ ಸುತ್ತಿ ಹಕ್ಕಿಯಂಥದೇನೋ ಆಯಿತು.

ಆಮೇಲೆ ಗಂಟೆ, ಅಂಗೈಯಗಲದ ಹಿತ್ತಾಳೆ.
ಒಮ್ಮೆ ತಟ್ಟಿ ಕಾದಳು.
ಒಂದು ತಟ್ಟು ಅಂದರೆ ಇದ್ದೀಯಾ ಎಂದು,
ಮುಂದಿನ ಕ್ಯಾಬಿನ್ನು ಒಂದು ತಟ್ಟಿ ಇದ್ದೇನೆ ಅನ್ನಬೇಕು.
ಇದು ನನಗೆ ಆಮೇಲೆ ತಿಳಿದದ್ದು.
ಹತ್ತೊಂಬತ್ತು ವರ್ಷದ ರಾತ್ರಿಪಾಳಿಯಲ್ಲಿ
ಮುಖ ಕಾಣದ ಒಬ್ಬರಿಂದ ಹಾಗೆ ಉತ್ತರ ಬರುತ್ತಿತ್ತಂತೆ,
ಅವರ ನೆಗಡಿ, ಮುನಿಸು, ನಿದ್ದೆಗಣ್ಣು
ಎಲ್ಲ ಬೆರಳಿನಲ್ಲೇ ತಿಳಿಯುತ್ತಿತ್ತಂತೆ.

ಉತ್ತರ ಬರಲಿಲ್ಲ.
ತಂತಿ ಕಳಚಿತೇನೋ ಎಂದು
ನಾನು ಗುಬಟುಗಳನ್ನು ತಡಕಾಡಿದೆ.
ಮತ್ತೆ ತಟ್ಟಿದಳು, ಒಂದೇ.
ಹಿಂದಿನ ಸಾಲಿನಲ್ಲಿ
ಟೀ ಬಟ್ಟಲಿಗೆ ಚಮಚ ತಗಲಿದ ಸದ್ದು.
ಒಂದು.
ತಗಲಿದ್ದೋ, ತಗಲಿಸಿದ್ದೋ.
ಅಲ್ಲಿದ್ದವಳು ನೀಲಿ ಕೋಟಿನ ಹೆಂಗಸು,
ಬಿಸ್ಕತ್ತು ಅದ್ದುತ್ತಿದ್ದಳು, ತಲೆ ಎತ್ತಲಿಲ್ಲ.

ಹಿಲರಿ ಎರಡು ತಟ್ಟಿದಳು: ಗಾಡಿ ಹೊರಟಿತು.
ಎಳೆಯಬಹುದಾದ ಗೋಲುಗಳನ್ನೆಲ್ಲ ಎಳೆದಳು.
ಮರದ ನೆಲ, ಸಾಸರು, ನಮ್ಮ ಮೊಣಕಾಲು
ಏನೋ ಭಾರವಾದದ್ದು ದಾಟಿ ಹೋಗುವಷ್ಟು ಹೊತ್ತು ನಡುಗಿದವು;
ತಂಬೂರಿಯ ಜೀವಾಳಿ, ಆ ಒಂದೆಳೆ ನೂಲು,
ತನ್ನ ಜಾಗಕ್ಕೆ ಸರಿದಾಗ ಬಿಚ್ಚಿಕೊಳ್ಳುವಂತೆ
ಝೇಂಕಾರ ಬಿಚ್ಚಿಕೊಂಡಿತು.

ಜನ ಹೋದ ಮೇಲೆ ತಂತಿ ಸುತ್ತುತ್ತಾ ಕೇಳಿದೆ,
ಬಿಳಿ ಯಾವುದಕ್ಕೆ?
ಯಾವುದಕ್ಕೂ ಇಲ್ಲ, ಅಂದಳು,
ಕೆಲಸ ಬಿಟ್ಟ ಗೋಲಿಗೆ ಬಿಳಿ ಬಳಿಯುತ್ತಾರೆ.
ಚೌಕಟ್ಟಿನಲ್ಲಿ ಸಂದು ಬಿಟ್ಟರೆ ಗಾಳಿ ನುಗ್ಗುತ್ತೆ ನೋಡು.
ಬೇಕಾದರೆ ಎಳಿ,
ಅಂತ ಬಟ್ಟೆ ಕೊಟ್ಟಳು.
ಬಟ್ಟೆ ಇನ್ನೂ ಬೆಚ್ಚಗಿತ್ತು.
ಎಳೆದೆ.
ಏನೂ ಕೇಳಿಸಲಿಲ್ಲ.
ಬಲು ಭಾರ.