ಪೆಟ್ಟಿಗೆಗೊಂದು ಚೀಟಿ

ಹತ್ತು ಸ್ಟ್ರಿಪ್ಪಿನ ಪೆಟ್ಟಿಗೆಗೆ ಒಂದೇ ಚೀಟಿ,
ಈರುಳ್ಳಿ ಸಿಪ್ಪೆಯಷ್ಟು ತೆಳುವು, ಹದಿನಾರು ಮಡಿಕೆ.
ಅದರಲ್ಲಿ ಕನ್ನಡಕ ಒರೆಸಿದ್ದೇನೆ,
ಕುಂಟುವ ಸ್ಟೂಲಿನ ಕಾಲಿಗೆ ಒತ್ತು ಕೊಟ್ಟಿದ್ದೇನೆ.
ಓದಿದ್ದು ಮಾತ್ರ ಇಲ್ಲ.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಂದ ಮೂರನೇ ತಿರುವು, ನನ್ನ ಅಂಗಡಿ.
ಬಾಗಿಲು ಎತ್ತುವ ಮುಂಚೆಯೇ ನಿಂತಿರುವವರು
ಹೆಚ್ಚಾಗಿ ಹೊಟ್ಟೆ ಹಿಡಿದವರು.
ನಾಲ್ಕಕ್ಕೆ ಒಲೆ ಹಚ್ಚಿ ಹತ್ತರ ತನಕ ಬರೀ ಟೀ ಕುಡಿದರೆ
ಎದೆ ಉರಿಯದೆ ಇನ್ನೇನು?

ಖಮರುನ್ನೀಸಾ ಎಂಟು ವರ್ಷ ಬಂದಳು.
"ಶೆಟ್ರೇ, ಅದೇ ಹಳದಿ ಮಾತ್ರೆ."
ಡಾಕ್ಟರು ಬರೆದಿದ್ದು ಹದಿನಾಲ್ಕು ದಿನಕ್ಕೆ.
ಹದಿನೈದನೇ ದಿನದಿಂದ ನಾನೇ ಡಾಕ್ಟರು,
ಕತ್ತರಿಯಲ್ಲಿ ಐದೈದು ಕತ್ತರಿಸಿ
ಬಾಕಿ ಬರೆದುಕೊಳ್ಳುವ ಡಾಕ್ಟರು.
ಉರಿ ಹೋಯಿತು, ಸುಳ್ಳಲ್ಲ.
ಈಗ ಖಾರದ ಚಟ್ನಿ ತಿಂತೀನಿ ಅಂತ ನಕ್ಕಿದ್ದಳು.

ನೂಲು ಬಿಚ್ಚುವುದು ಕಣ್ಣಿನ ಕೆಲಸವಲ್ಲ.
ಸುಡುವ ಬಾಂಡ್ಲಿಯಲ್ಲಿ ತೇಲುವ ಗೂಡುಗಳ ನಡುವೆ
ಕಾಣದ ಎಳೆಯ ತುದಿ ಹಿಡಿಯಬೇಕು,
ತುಂಡಾದರೆ ಬೆರಳಿಗೇ ಮೊದಲು ತಿಳಿಯಬೇಕು.

ರಂಜಾನ್ ಕಳೆದ ವಾರ ಅಂದಳು:
ತುದಿ ಸಿಗ್ತಿಲ್ಲ.
ಮೊದಲು ಇರುವೆ ಹರಿದ ಹಾಗಿತ್ತು, ಈಗ ಇರುವೆಯೂ ಇಲ್ಲ.
ನೀರು ತಣ್ಣಗಿದೆ ಅಂತ ಉರಿ ಜಾಸ್ತಿ ಮಾಡಿದೆ.
ಕೌಂಟರಿನ ಮೇಲೆ ಕೈ ಇಟ್ಟಳು.
ಐದೂ ಬೆರಳಿಗೆ ಬೊಬ್ಬೆ,
ಮುಖದಲ್ಲಿ ನೋವೇ ಇಲ್ಲ.

ಆಸ್ಪತ್ರೆಗೆ ಕಳಿಸಿ, ಸ್ಟೂಲು ಎತ್ತಿ
ಚೀಟಿ ಬಿಡಿಸಿದೆ.
ತಲೆನೋವು, ಭೇದಿ ಮೊದಲ ಸಾಲಿನಲ್ಲೇ ಇದ್ದವು.
ಕೆಳಗೆ, ಬಹುಕಾಲ ನುಂಗಿದರೆ
ಮೂಳೆ ಮುರಿಯಬಹುದು, ಮೆಗ್ನೀಷಿಯಂ ಇಳಿಯಬಹುದು,
ಬಿ ಹನ್ನೆರಡು...
ಮುಂದಿನದು ಸ್ಟೂಲಿನ ಕಾಲು ಒತ್ತಿ ತೂತು.

ಡಾಕ್ಟರಮ್ಮ ರಕ್ತ ನೋಡಿ ಹೇಳಿದರಂತೆ,
ಮಾತ್ರೆಯೊಂದೇ ಅನ್ನಲಾರೆ, ಅರೆಹೊಟ್ಟೆಯೂ ಇದೆ.
ಆದರೆ ಹೊಟ್ಟೆಯ ಹುಳಿಗೂ ಒಂದು ಕೆಲಸವಿತ್ತಮ್ಮ,
ಮೊಟ್ಟೆ ಮಾಂಸದೊಳಗಿನ ಸತ್ವ ಬಿಡಿಸುವುದು.
"ಬಿಸಿನೀರು ಗೂಡಿನ ಅಂಟು ಬಿಡಿಸಿದ ಹಾಗಾ?" ಅಂದಳಂತೆ ಇವಳು.
ಡಾಕ್ಟರಮ್ಮ ಪೆನ್ನು ಕೆಳಗಿಟ್ಟರಂತೆ.

ಈಗ ಹಳದಿ ಮಾತ್ರೆಗೆ ಬಂದವರನ್ನು
ಎಷ್ಟು ದಿನದಿಂದ ಅಂತ ಕೇಳುತ್ತೇನೆ.
ಕೆಲವರು ಎದುರಿನ ಅಂಗಡಿಗೆ ಹೋಗುತ್ತಾರೆ.
ಸ್ಟೂಲು ಕುಂಟುತ್ತದೆ. ಕುಂಟಲಿ.

ಅವಳು ಸೂಜಿಮದ್ದಿಗೆ ಬರುತ್ತಾಳೆ, ಗುರುವಾರ.
ಪಕ್ಕದಂಗಡಿಯ ಟೀ ಲೋಟ ತರಿಸಿ
ತೋರುಬೆರಳು ಒತ್ತಿ ಎಣಿಸುತ್ತಾಳೆ,
ಒಂದು, ಎರಡು, ಮೂರು...
ಏಳಕ್ಕೆ ಸುಟ್ಟಿತು ಅಂತ ಕೈ ಕೊಡವಿದಳು.
ಹೋದ ವಾರ ಹನ್ನೊಂದಿತ್ತು.