ಹೋಂಡಾದ ತವರು

ಆರು ದಿನ ಬೆನ್ನ ಹಿಂದೆ ಕೂತಿದ್ದ ಡಬ್ಬಿಯ
ನಾಲ್ಕೂ ಬೋಲ್ಟು ಬಿಚ್ಚಿ ಮಂಚದಡಿಗೆ ತಳ್ಳಿದೆ.
ಒಳಗಿನ್ನೂ ಯಾರದೋ ಬಿರಿಯಾನಿಯ ವಾಸನೆ.
ಹಗುರಾದ ಗಾಡಿ ಗೇರು ಬೀಳುತ್ತಲೇ
ಚಂಗನೆ ನೆಗೆಯಿತು,
ಹಗ್ಗ ಕಳಚಿದ ಕರುವಿನ ಹಾಗೆ.

"ಜಪಾನಿನ ತೋಟ ಮಾರಾಯ, ದಿಬ್ಬಾದ ಹತ್ತಿರ,
ಡಕ್ಟಿನ ಕೆಲಸಕ್ಕೆ ಹೋದಾಗ ಕಂಡದ್ದು,"
ಎಂದ ಸಿಪ್ರಿಯನ್, ನೋವಿನ ಸೊಂಟಕ್ಕೆ ಬೆಲ್ಟು ಬಿಗಿಯುತ್ತ.
ಶನಿವಾರ ಸಂಜೆಯೇ ಪೂಜೆ ಮುಗಿಸಿ ಬಂದಿದ್ದ.
"ಇದು ಹೋಂಡಾ ಅಲ್ವಾ?
ಒಂದು ಸಲ ತವರಿಗೆ ಕರಕೊಂಡು ಹೋಗು."

ಶಾರ್ಜಾ ನನಗೆ ಗೊತ್ತಿರುವುದು ನಿಮಿಷಗಳಲ್ಲಿ.
ರೋಲಾದಿಂದ ನಹ್ದಾ ಹನ್ನೆರಡು,
ಲಿಫ್ಟು ಕೆಟ್ಟಿದ್ದರೆ ಹದಿನೇಳು,
ಹದಿನೆಂಟಾದರೆ ಯಾರೋ ಒಂದು ನಕ್ಷತ್ರ ಕಿತ್ತುಕೊಳ್ಳುತ್ತಾರೆ.
ಧೈದ್ ದಾಟಿದ ಮೇಲೆ ಆ ಲೆಕ್ಕ ತಪ್ಪಿತು.
ಒಂಟೆಯೊಂದು ಬೇಲಿಯಾಚೆ
ಸುಮ್ಮನೆ ನಮ್ಮ ಜೊತೆ ಸ್ವಲ್ಪ ದೂರ ಓಡಿತು.
ಮಾರ್ಚಿನ ಗಾಳಿ.
ಇದರ ಆಯುಷ್ಯ ಇನ್ನು ಹದಿನೈದು ದಿನ,
ಆಮೇಲೆ ಹೆಲ್ಮೆಟ್ಟೇ ಕುಕ್ಕರು.

ಮಸಾಫಿಯಲ್ಲಿ ಚಹಾ, ಒಂದು ಪೊಟ್ಟಣ ಖರ್ಜೂರ.
ಮಡಕೆ ಮಾರುವವ ನಮ್ಮನ್ನು ಕರೆಯಲೇ ಇಲ್ಲ,
ಬೈಕಿನವರು ಮಡಕೆ ಕೊಳ್ಳುವುದಿಲ್ಲವೆಂದು ಅವನಿಗೆ ಗೊತ್ತು.
ಆಮೇಲೆ ಬೆಟ್ಟ.
ಹಸಿರಿನ ಸುದ್ದಿಯೇ ಇಲ್ಲದ, ಹೊಟ್ಟೆ ಸೀಳಿದ ಕಂದು ಬೆಟ್ಟ.
ತಿರುವಿನಲ್ಲಿ ಸಿಪ್ರಿಯನ್ ನನ್ನ ಅಂಗಿ ಹಿಡಿದ,
ಬಿಟ್ಟ, ಮತ್ತೆ ಹಿಡಿದ.

ತುಕ್ಕು ಹಿಡಿದ ಗೇಟು. ಹಳೆಯ ಕಂಪನಿ ಕಾಲೋನಿ.
ಕಡಲ ನೀರನ್ನು ಸಿಹಿ ಮಾಡಲೆಂದು
ಎಪ್ಪತ್ತೇಳರಲ್ಲಿ ಬಂದಿದ್ದ ಎಂಜಿನಿಯರು
ನೀರೇ ಇಲ್ಲದ ತೋಟ ಮಾಡಿಟ್ಟು ಹೋಗಿದ್ದಾನೆ.
ಏಳು ಕಲ್ಲು, ವಾದಿಯಿಂದ ಹೊತ್ತು ತಂದವು.
ಸುತ್ತ ಬಿಳಿ ಜಲ್ಲಿ, ಜಲ್ಲಿಯ ಮೇಲೆ ಅಲೆಯ ಗೆರೆ.
ಕಲ್ಲಿನ ದೀಪದೊಳಗೆ ಮೈನಾ ಗೂಡು.
"ಇಷ್ಟೇನಾ?" ಎಂದೆ.
"ಇಷ್ಟೇ," ಎಂದ ಸಿಪ್ರಿಯನ್, ತಾನೇ ಕಟ್ಟಿಸಿದ ಹೆಮ್ಮೆಯಲ್ಲಿ.

ತೊಫಜ್ಜಲ್ ಇಲ್ಲಿಯ ನಾಲ್ಕನೆಯ ಮಾಲಿ.
ಮರದ ಹಲುಬೆಯೊಂದು, ಗೆರೆ ತೋರಿಸುವ ಹಳದಿ ಕಾಗದವೊಂದು
ಮೂರನೆಯವನಿಂದ ಅವನ ಕೈಗೆ ಬಂದವು.
ಮುಂಜಾನೆ ಎಳೆಯುತ್ತಾನೆ, ರಾತ್ರಿ ಗಾಳಿ ಅಳಿಸುತ್ತದೆ.
ನೋಡಲು ಯಾರು ಬರುತ್ತಾರೆ ಎಂದು ಕೇಳಿದೆ.
"ಸಂಬಳ ಬರುತ್ತದಲ್ಲ," ಎಂದ ಮುರುಕು ಹಿಂದಿಯಲ್ಲಿ.
ಸ್ವಲ್ಪ ತಡೆದು,
"ಎಳೆಯದಿದ್ದರೆ ನಿದ್ದೆ ಬರುವುದಿಲ್ಲ."

ಆ ಜಪಾನಿನವನ ಊರಿನ ಹೂಗಿಡ
ಮೂರು ಸಲ ಹಡಗಿನಲ್ಲಿ ಬಂದಿತ್ತಂತೆ,
ಮೂರನ್ನೂ ಜೂನ್ ತಿಂದಿತು.
ನಾಲ್ಕನೆಯ ಸಲ ಅವನೇ ಗುಂಡಿ ತೋಡಿ
ನೆಟ್ಟದ್ದು ಬೇವು.

ಆಗ ತಲೆಯೆತ್ತಿ ನೋಡಿದೆ.
ಅದು ಉದುರಿಸುತ್ತಲೇ ಇತ್ತು, ನಾವು ಬಂದಾಗಿನಿಂದ.
ಅಕ್ಕಿನುಚ್ಚಿನಂಥ ಹೂ, ಜಲ್ಲಿಯ ಮೇಲೆ,
ಏಳು ಕಲ್ಲಿನ ಮೇಲೆ, ಹೋಂಡಾದ ಬಿಸಿ ಟ್ಯಾಂಕಿನ ಮೇಲೆ.
ವಾಸನೆ ಮಾತ್ರ ನನಗೆ ಗೊತ್ತಿತ್ತು,
ನಿಮಿಷಗಳಲ್ಲಿ ಅಲ್ಲ.
ನಾಲ್ಕು ಹೂ ಆಯ್ದು ಬಾಯಿಗೆ ಹಾಕಿಕೊಂಡೆ.
ಬೆಲ್ಲ ಎಲ್ಲಿಂದ ತರಲಿ?
ಸಿಪ್ರಿಯನ್ ಮಾತಿಲ್ಲದೆ ಖರ್ಜೂರ ಚಾಚಿದ,
ತೊಫಜ್ಜಲನಿಗೂ ಕೊಟ್ಟ,
ಬೀಜ ಎಲ್ಲಿ ಉಗುಳುವುದೆಂದು ಮೂವರೂ ಗಲಿಬಿಲಿಗೊಂಡು
ಜೇಬಿಗೆ ಹಾಕಿಕೊಂಡೆವು.

ಹೊರಡುವಾಗ ಹಲುಬೆ ನನ್ನ ಕೈಗೆ ಕೊಟ್ಟ.
ಎಳೆದೆ. ಅಲೆ ಬರಲಿಲ್ಲ.
ಬಂದದ್ದು ಎಡಕ್ಕೊಂದು, ಬಲಕ್ಕೊಂದು ತಿರುವು,
ಕೊನೆಗೊಂದು ಯು-ಟರ್ನ್.
"ನಹ್ದಾ ರಸ್ತೆ!" ಎಂದು ಸಿಪ್ರಿಯನ್ ನಕ್ಕು ಸೊಂಟ ಹಿಡಿದುಕೊಂಡ.
ಅಳಿಸಲು ಹೋದೆ, ಮಾಲಿ ಬಿಡಲಿಲ್ಲ.
"ಇರಲಿ, ಇವತ್ತಿನ ಗಾಳಿಗೂ ಏನಾದರೂ ಕೆಲಸ ಬೇಕಲ್ಲ."

ಟ್ಯಾಂಕಿನ ಹೂ ಮಸಾಫಿಯವರೆಗೆ ಬಂತು.
ಮುಂದೆ ಮುಚ್ಚಳದ ಸಂದಿನಲ್ಲಿ ಒಂದೇ ಒಂದು.
ರಾತ್ರಿ ಡಬ್ಬಿ ಎಳೆದು ಬೋಲ್ಟು ಬಿಗಿಯುವಾಗ
ನಾಲ್ಕನೆಯದನ್ನು
ಕೈ ತಾನಾಗಿಯೇ ನಿಧಾನ ಮಾಡಿತು.