ನಾಲ್ಕು ಬೆರಳು

ಮಾಜಾಳಿಯ ಮರಳಿನಿಂದ ಪಾತಿ ದೋಣಿ ಎಳೆದು
ಹಾಗೇ ಬಂದುಬಿಟ್ಟಿದ್ದೆ ಹೆದ್ದಾರಿಗೆ, ಐಸು ತರಲು.
ಮುಂದಕ್ಕೆ ತಳ್ಳಿದ ಚಿಕ್ಕ ಲಿವರು ಮುಂದೆಯೇ ಇತ್ತು.
ಕಾಳಿ ಸೇತುವೆ ದಾಟಿ ಕೋಡಿಬಾಗದಲ್ಲಿ ಹೊರಳುವಾಗ
ಸ್ಟೇರಿಂಗು ಕಲ್ಲಾಯಿತು. ಟಾಯರು ಕುಂಯ್ ಎಂದಿತು,
ಬಾಗಿಲಿಗೆ ಬಾಲ ಸಿಕ್ಕಿದ ನಾಯಿಮರಿಯ ಹಾಗೆ.
ಲಿವರು ಎಳೆದೆ. ಎರಡೂ ಕೈ ಹಾಕಿ ಎಳೆದೆ.
ಅಂಗೈಯ ತೊಗಲು ಬಂತು, ಲಿವರು ಬರಲಿಲ್ಲ.

ಬಸ್ತ್ಯಾಂವ್ ಮೇಸ್ತ್ರಿ ಬಗ್ಗಿ ಕೂಡ ನೋಡಲಿಲ್ಲ.
ಚಾ ಮುಗಿಸಿದ. ನನ್ನ ಜೀಪಿನ ಹಿಂಬದಿಯಿಂದಲೇ
ಬಲೆ ಹೊಲಿಯುವ ದಾರ ಹೆಕ್ಕಿದ. ಜಾಕು ಕೊಟ್ಟು
ಹಿಂದಿನ ಟಾಯರಿಗೆ ಸುತ್ತಿದ, ಗುರುತಿನ ಗಂಟು ಹಾಕಿದ.
ಆಮೇಲೆ ಮುಂದಿನದಕ್ಕೆ. ಮಿಕ್ಕ ದಾರವನ್ನು
ನನ್ನ ಮೂಗಿನ ಮುಂದೆ ಹಿಡಿದ: ನಾಲ್ಕು ಬೆರಳು.
"ಹಿಂದೆ ಹೊಸತು, ಮುಂದೆ ಬೋಳು. ಹೌದಲ್ಲ ಪುರ್ಸು?"
ಹೌದು. ಎರಡಕ್ಕೇ ದುಡ್ಡಿತ್ತು.

"ರಂಪಣಿ ಎಳೆದವನಲ್ಲವಾ ನೀನು? ಕೇಳು.
ಇಂಜಿನ್ನಿನ ಬಲ ಗೇರ್‌ಬಾಕ್ಸಿಗೆ ಬರುತ್ತದೆ,
ಅಲ್ಲಿಂದ ಬದಿಯ ಪೆಟ್ಟಿಗೆಗೆ. ಅದು ಹಂಚುವ ಪೆಟ್ಟಿಗೆ.
ಅದರಿಂದ ಎರಡು ಹಗ್ಗ, ಹಿಂದಕ್ಕೊಂದು, ಮುಂದಕ್ಕೊಂದು.
ಲಿವರು ಹಿಂದಿದ್ದರೆ ಹಿಂದಿನ ಸಾಲು ಎಳೆಯುತ್ತದೆ,
ಮುಂದಿನವರು ಸುಮ್ಮನೆ ಹೆಜ್ಜೆ ಹಾಕುತ್ತಾರೆ.
ಮುಂದೆ ತಳ್ಳಿದೆಯೋ, ಎರಡೂ ಸಾಲಿನವರ ಸೊಂಟಕ್ಕೆ
ಒಂದೇ ಕಬ್ಬಿಣದ ಪಟ್ಟಿ. ಒಬ್ಬ ಎಷ್ಟು ಸುತ್ತಿದನೋ
ಇನ್ನೊಬ್ಬನೂ ಅಷ್ಟೇ ಸುತ್ತಬೇಕು.

ತಿರುವಿನಲ್ಲಿ ಮುಂದಿನ ಗಾಲಿಗೆ ದಾರಿ ಉದ್ದ.
ಬೋಳು ಗಾಲಿಗೆ ನೇರ ರಸ್ತೆಯೂ ಉದ್ದವೇ.
ಮರಳಿನಲ್ಲಾದರೆ ಅಡ್ಡಿಲ್ಲ: ಗಾಲಿ ಚೂರು ಜಾರುತ್ತದೆ,
ಬಾಕಿ ಅಲ್ಲಲ್ಲೇ ಚುಕ್ತಾ. ಡಾಂಬರು ಜಾರಲು ಬಿಡುವುದಿಲ್ಲ.
ಆ ಸಾಲ ಹೋಗುವುದೆಲ್ಲಿಗೆ? ಶಾಫ್ಟಿನೊಳಕ್ಕೆ.
ಒದ್ದೆ ಬಟ್ಟೆ ಹಿಂಡಿದ ಹಾಗೆ ಉಕ್ಕು ತಿರುಚಿಕೊಳ್ಳುತ್ತದೆ,
ಪೆಟ್ಟಿಗೆಯಲ್ಲಿ ಹಲ್ಲು ಹಲ್ಲನ್ನು ಕಚ್ಚಿ ಹಿಡಿಯುತ್ತದೆ.
ಇನ್ನೊಂದು ಮೈಲಿ ಓಡಿಸಿದ್ದರೆ ಕ್ರಾಸು ಮುರಿಯುತ್ತಿತ್ತು.
ಇಲ್ಲ, ಆ ಹಲ್ಲು."

ಎಷ್ಟಾದೀತು ರಿಪೇರಿಗೆ?
ಮನಸ್ಸಿನಲ್ಲಿ ನಾನಾಗಲೇ ತಮ್ಮ ಜೈವಂತನ ಪಾಲಿನಿಂದ
ಅರ್ಧ ಮುರಿದುಕೊಂಡಾಗಿತ್ತು.
ಎರಡೇ ಟಾಯರು ಸಾಕು ಎಂದವನು ಅವನು.
ಅಲ್ಲ. ಎಂದವನು ನಾನು.
ಅವನು ಸುಮ್ಮನಿದ್ದ.

"ಬಿಚ್ಚುವುದು ಎಂತದೂ ಇಲ್ಲ ಮಾರಾಯಾ.
ರಿವರ್ಸಿಗೆ ಹಾಕು. ಬಂದ ತಿರುವಿನಲ್ಲೇ
ಸಾವಕಾಶ ಹಿಂದೆ ಹೋಗು."

ಹೋದೆ. ಮೀನಿನ ಲಾರಿಯವ ಹಾರ್ನು ಬಾರಿಸಿ
ಕೊಂಕಣಿಯಲ್ಲಿ ನನ್ನ ಅಜ್ಜನ ತನಕ ಬೈದ.
ಹತ್ತು ಮಾರು ಆಗಿರಬಹುದು.
ಕಾಲಡಿಯಲ್ಲೆಲ್ಲೋ ಟಕ್ ಎಂದಿತು.
ಲಿವರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ
ಎರಡು ಬೆರಳಿಗೇ ಬಂತು.
ಮೇಸ್ತ್ರಿ ದುಡ್ಡು ಮುಟ್ಟಲಿಲ್ಲ.
"ನಾಳೆ ನಾಲ್ಕು ಬಂಗಡೆ ತಾ. ಬೆರಳಿಗೊಂದು."

ಐಸು ತುಂಬಿಸಿ ತಿರುಗಿ ಬಂದಾಗ
ಜೈವಂತ ದೋಣಿಯ ನೆರಳಿನಲ್ಲಿ ಕೂತಿದ್ದ,
ಬೆಳಗಿನ ಜಗಳದ ಮುಖ ಇನ್ನೂ ತೊಳೆದಿರಲಿಲ್ಲ.
ಕಿಸೆಯಲ್ಲಿ ದಾರದ ಗಂಟು ಬೆರಳಿಗೆ ತಾಗುತ್ತಿತ್ತು.
ಎಲ್ಲಿ ಹೊರಳಿದೆವು ಎಂದು ಹುಡುಕಿದೆ,
ನಿನ್ನೆ, ಮೊನ್ನೆ, ಟಾಯರಿನ ಅಂಗಡಿ.
"ಆ ಟಾಯರಿನ ಮಾತು," ಎಂದೆ, "ನಾನು ಹೇಳಿದ್ದು."

ಅವನು ಎಂತದೂ ಹೇಳದೆ ಎದ್ದು
ಐಸಿನ ಪೆಟ್ಟಿಗೆಯ ಒಂದು ತುದಿ ಹಿಡಿದ.
ಭಾರ ಇತ್ತು. ಮರಳಿನಲ್ಲಿ
ನಮ್ಮಿಬ್ಬರ ಹೆಜ್ಜೆ ಎಲ್ಲೂ ಕೂಡಲಿಲ್ಲ:
ಅವನು ಜಾರುವಾಗ ನಾನು ನಿಂತೆ,
ನಾನು ಜಾರುವಾಗ ಅವನು.